ನಾಗಾವಿಯ ಶಾಸನವೂ ನಮ್ಮ ವಿದ್ಯಾಪೀಠವೂ

(ಕಲಬುರ್ಗಿಯ ಸ್ಟೇಶನ್ ಬಜಾರದಲ್ಲಿ ಶಿಕ್ಷಕರೂ ನಾಗರಿಕರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಪೀಠದ ಅಧ್ಯಾಪಕರ ಹಾಗೂ ನೌಕರರ ಸ್ಥಿತಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಹೇಳಿಕಳಿಸಿದಾಗ, ಇಂಥ ಶುಷ್ಕವಾದ ವಿಷಯವನ್ನು ಸಂಜೆಯ ಹೊತ್ತು ಯಾರು ಕೇಳಿಯಾರೆಂದು ನಾನು ಸಂದೇಹಪಟ್ಟೆನು. ಅದಕ್ಕೆ ಈ ಸಭೆಯ ಕಾರ್ಯದರ್ಶಿಗಳು, "ಇಲ್ಲಿ ಕೂಡುವವರಲ್ಲಿ ಅರ್ಧ ಜನರು ಆ ವಿದ್ಯಾಪೀಠದ ಪದವೀಧರರು, ಉಳಿದ ಅರ್ಧ ಜನರ ಮಕ್ಕಳು ಅಲ್ಲಿ ಓದುವವರು, ಅವರು ಕೇಳದಿದ್ದರೆ ಮತ್ತಾರು ಕೇಳಬೇಕು?" ಎಂದರು. ಆ ಉತ್ತರಕ್ಕೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ.

ವಿಷಯಕ್ಕೆ ಬರುವ ಮುನ್ನ ತಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದೊಯ್ಯಬೇಕಾಗಿದೆ. ಕಾಲದಲ್ಲಿ ದೂರವಾದರೂ ನೆಲದಲ್ಲಿ ದೂರವಲ್ಲ. ಇಲ್ಲಿಯೇ ನಮ್ಮ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ ವಾಡಿಯಲ್ಲಿ ಇಳಿದು, ಅಲ್ಲಿಂದ ಸಿಕಂದರಾಬಾದದ ಹಾದಿಯನ್ನು ಹಿಡಿದರೆ ಚಿತ್ತಾಪುರ ಬರುವದು. ಚಿತ್ತಾಪುರದ ಮಗ್ಗುಲಲ್ಲಿಯೇ ನಾಗಾವಿ. ಇಂದು ಅಲ್ಲಿಗೆ ಹೋಗುವವರಲ್ಲಿ ಬಹಳ ಜನ ಯಲ್ಲಮ್ಮನ ಭಕ್ತರು. ಅರವತ್ತು ಕಂಬದ ಗುಡಿಯ ಎದುರು ನಿಂತು, ಇದು ಒಂದು ಕಾಲಕ್ಕೆ ವಿದ್ಯಾಪೀಠವಾಗಿತ್ತೆಂದು ನೆನೆಯುವವರು ವಿರಳ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ, ಅವನ ದಂಡನಾಯಕನಾದ ಮಧುಸೂದನನು ಅಲ್ಲಿ ಗುಡಿಗಳನ್ನು ಕಟ್ಟಿಸಿ ಘಟಿಕಾಶಾಲೆಯೊಂದನ್ನು ನೆಲೆಗೊಳಿಸಿದನು. ಅದನ್ನು ಹೇಳುವ ಕನ್ನಡ ಶಾಸನವು ಕ್ರಿ. ಶ. 1058ರದು. ಹೈದರಾಬಾದ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯವರು ನಾಗಾವಿಯ ಶಾಸನಗಳನ್ನು 1928ರಲ್ಲಿ ಅಚ್ಚುಹಾಕಿಸಿದರು. ಅದೇ ವರ್ಷ ಇದೇ ಕಲಬುರ್ಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನ ನೆರೆದದ್ದು ಒಂದು ಶುಭಯೋಗವೆನ್ನಬೇಕು.

ಶಾಸನವೆಂದೊಡನೆ ನಾವು ಬಿರುದಾವಳಿಗಳನ್ನೂ ಯುದ್ಧವರ್ಣನೆಗಳನ್ನೂ ಓದಿ ಪುಲಕಿತರಾಗುವ ರೂಢಿಯುಂಟು. ನಾನು ತಮ್ಮ ಲಕ್ಷ್ಯವನ್ನು ಸೆಳೆಯಬಯಸುವದು ಅದರ ಅತ್ಯಂತ ನೀರಸವಾದ ಭಾಗಕ್ಕೆ, ಅಂದರೆ ಲೆಕ್ಕಕ್ಕೆ. ವೇದವನ್ನು ಓದುವ ವಿದ್ಯಾರ್ಥಿಗಳು 200. ಶಾಸ್ತ್ರಗಳನ್ನು ಓದುವವರು ಐವತ್ತರಷ್ಟು. ಇವರೆಲ್ಲರ ಊಟ ವಸತಿಗಳಿಗೆ ಏರ್ಪಾಡು. ವೇದವನ್ನು ಹೇಳುವ ಅಧ್ಯಾಪಕರು ಮೂವರು. ಭಟ್ಟದರ್ಶನ, ನ್ಯಾಸ, ಪ್ರಾಭಾಕರ ಈ ಮೂರು ಶಾಸ್ತ್ರಗಳಿಗೆ ಒಬ್ಬೊಬ್ಬರಂತೆ ಮತ್ತೆ ಮೂವರು. ಇವರಲ್ಲದೆ ಆರು ಜನ ಸರಸ್ವತೀ ಭಂಡಾರಿಗರು.

ಈ ಕೊನೆಯ ಸಂಖ್ಯೆಯ ಹತ್ತಿರ ಕ್ಷಣಕಾಲ ನಿಲ್ಲಿರಿ. ಸರಸ್ವತೀ ಭಂಡಾರಿಗನೆಂದರೆ ಗ್ರಂಥಪಾಲಕನು. ಕಲಿಸುವವರು ಆರು ಜನ, ಪುಸ್ತಕ ಕಾಯುವವರೂ ಆರು ಜನ! ಓಲೆಗರಿಗೆ ಹುಳ ಬೀಳದಂತೆ ನೋಡುವದು, ಸವೆದುದನ್ನು ಪ್ರತಿಮಾಡಿಸುವದು, ಓದುವವನಿಗೆ ಬೇಕಾದ ಕಟ್ಟನ್ನು ತೆಗೆದುಕೊಡುವದು ಬಿಡುವಿನ ವೇಳೆಯ ಚಾಕರಿಯಲ್ಲವೆಂದು ಆ ದಂಡನಾಯಕನಿಗೆ ತಿಳಿದಿತ್ತು. ಅಧ್ಯಾಪಕರಿಗೆ ಇಂತಿಷ್ಟು ಮತ್ತರು ಭೂಮಿಯೆಂದು ಗೊತ್ತುಮಾಡಿದಂತೆ ಭಂಡಾರಿಗರಿಗೂ ಗೊತ್ತುಮಾಡಿದನು. ಅವರ ಪಾಲು ಅಧ್ಯಾಪಕರ ಪಾಲಿಗೆ ತೀರ ಕೆಳಗೇನೂ ಇರಲಿಲ್ಲ. ಇಂದಿನ ಯಾವ ಕಾಲೇಜಿನಲ್ಲಾದರೂ ಗ್ರಂಥಪಾಲಕನಿಗೆ ಆ ಮರ್ಯಾದೆ ದೊರೆತಿದ್ದರೆ ನನಗೆ ತಿಳಿಸಿರಿ, ನಾನು ಹೋಗಿ ನೋಡಿ ಬರುವೆನು.

ಇನ್ನೊಂದು ಸೂಕ್ಷ್ಮವುಂಟು. ಸಂಬಳವೆಂದರೆ ನಗದು ಹಣ. ಇಂದು ಕೊಟ್ಟದ್ದನ್ನು ನಾಳೆ ನಿಲ್ಲಿಸಬಹುದು. ಭೂಮಿ ಹಾಗಲ್ಲ. ಅದರ ಬೆಳೆ ವರುಷ ವರುಷ ಬರುವದು. ಅದನ್ನು ಕಲ್ಲಿನಲ್ಲಿ ಕೊರೆಯಿಸಿ, ದಾನವನ್ನು ಅಳಿದವನಿಗೆ ಶಾಪವನ್ನು ಹೇಳುವದು ನಮ್ಮ ಶಾಸನಗಳ ರೂಢಿ. ಅರಸು ಬದಲಾಗಬಹುದು, ದಂಡನಾಯಕನು ಅರಸನ ಅವಕೃಪೆಗೆ ಪಾತ್ರನಾಗಬಹುದು, ಆದರೆ ಪಾಠ ಹೇಳುವವನ ಒಲೆ ಆರಬಾರದೆಂಬುದೇ ಈ ಏರ್ಪಾಡಿನ ಹುರುಳು. ಗುರುವು ಬಡವನಾಗಿದ್ದರೇನೇ ಚೆಂದವೆಂದು ಹೇಳುವ ಭಾಷಣಕಾರರು ನಮ್ಮಲ್ಲಿ ಬಹಳ ಜನರಿದ್ದಾರೆ. ಅವರು ನಾಗಾವಿಯ ಕಲ್ಲನ್ನೊಮ್ಮೆ ಓದಿಕೊಳ್ಳಲಿ.

ಆ ಶಾಲೆಯು ಎಲ್ಲರಿಗೂ ತೆರೆದ ಶಾಲೆಯಾಗಿತ್ತೆಂದು ನಾನು ಹೇಳಲಾರೆ. ವೇದಾಧ್ಯಯನಕ್ಕೆ ಅರ್ಹರೆಂದು ಆಗಿನವರು ಎಣಿಸಿದವರಿಗಷ್ಟೇ ಅದು ಮೀಸಲು. ಹೆಣ್ಣುಮಕ್ಕಳಿಗಂತೂ ಅದರ ಹೊಸ್ತಿಲು ದೂರ. ಶಾಸನದ ಭಾಷೆ ಕನ್ನಡ, ಆದರೆ ಪಾಠದ ಭಾಷೆ ಸಂಸ್ಕೃತ. ಮುಂದಿನ ಶತಮಾನದಲ್ಲಿ ಇದೇ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ಶರಣರು ಅನುಭಾವವನ್ನು ಕನ್ನಡದ ಬೀದಿಗೆ ತಂದಾಗ ಆ ಬಾಗಿಲುಗಳ ಅಗುಳಿ ಸಡಿಲಿತು. ನಾನು ನಾಗಾವಿಯಿಂದ ತೆಗೆದುಕೊಳ್ಳಬೇಕೆನ್ನುವದು ಅದರ ಪಾಠಪಟ್ಟಿಯನ್ನಲ್ಲ, ಅದರ ಜೀತಪಟ್ಟಿಯನ್ನು.

ಎರಡನೆಯ ನಿದರ್ಶನವೂ ನಮ್ಮ ಸೀಮೆಯದೇ. ಬೀದರದಲ್ಲಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾವನ್ನು ತಮ್ಮಲ್ಲಿ ಬಹಳ ಜನರು ನೋಡಿರುವಿರಿ. ಹೊರಗೋಡೆಯ ಬಣ್ಣದ ಹಂಚುಗಳನ್ನು ನೋಡಿ ತಲೆದೂಗಿ ತಿರುಗಿ ಬರುವವರೇ ಹೆಚ್ಚು. ಒಳಗೆ ಹೊಕ್ಕು ಕೋಣೆಗಳನ್ನು ನೋಡಬೇಕು. ಮೂರು ಅಂತಸ್ತುಗಳ ಆ ಕಟ್ಟಡದಲ್ಲಿ ಗ್ರಂಥಾಲಯ, ಪಾಠದ ಅಂಕಣಗಳು, ಪ್ರಾರ್ಥನಾಸ್ಥಾನ, ವಿದ್ಯಾರ್ಥಿಗಳ ಕೋಣೆಗಳು ಹಾಗೂ ಅಧ್ಯಾಪಕರ ಬಿಡಾರಗಳು ಒಂದೇ ಅಂಗಳದ ಸುತ್ತ ಇವೆ. ಗುರುವು ಪಾಠ ಮುಗಿಸಿ ಎಲ್ಲಿಗೂ ಓಡಬೇಕಾಗಿರಲಿಲ್ಲ. ಶಿಷ್ಯನಿಗೆ ರಾತ್ರಿ ಸಂಶಯ ಹುಟ್ಟಿದರೆ ಅಂಗಳ ದಾಟಿದರೆ ಸಾಕಾಗುತ್ತಿತ್ತು. 1696ರ ಸ್ಫೋಟದಲ್ಲಿ ಆ ಕಟ್ಟಡದ ಒಂದು ಪಾರ್ಶ್ವವು ಕುಸಿದರೂ, ಉಳಿದ ಭಾಗವು ವಿದ್ಯಾಪೀಠವೆಂದರೆ ಕೂಡಿ ಬಾಳುವ ಮನೆಯೆಂಬುದನ್ನು ಇಂದಿಗೂ ತೋರಿಸುತ್ತಿದೆ.

ಇನ್ನು ನಮ್ಮ ಅಜ್ಜಂದಿರ ಕಾಲಕ್ಕೆ ಬರೋಣ. ನಿಜಾಮರ ಆಳಿಕೆಯಲ್ಲಿ 1918ರಿಂದ ಉಸ್ಮಾನಿಯಾ ವಿದ್ಯಾಪೀಠವು ನಡೆಯಿತು. ಇಂಗ್ಲಿಷನ್ನು ಬಿಟ್ಟು ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಟ್ಟ ಅದರ ಸಾಹಸವನ್ನು ನಾವು ಅಲ್ಲಗಳೆಯಬಾರದು. ಆದರೆ ಆ ದೇಶಭಾಷೆ ಉರ್ದುವಾಗಿತ್ತು. ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡದ ಹುಡುಗನಿಗೆ ಗಣಿತವೂ ಚರಿತ್ರೆಯೂ ಪರಭಾಷೆಯ ಮುಸುಕಿನಲ್ಲಿ ಬಂದವು. ಕನ್ನಡವು ಅಲ್ಲಿ ಒಂದು ವಿಷಯವಾಗಿ ಮಾತ್ರ ಇತ್ತು, ಡಿ. ಕೆ. ಭೀಮಸೇನರಾಯರಂಥವರು ಆ ಪುಟ್ಟ ದೀಪವನ್ನು ಆರದಂತೆ ಕಾಯ್ದರು. 1938ರಲ್ಲಿ ಆ ವಿದ್ಯಾಪೀಠದ ವಸತಿಗೃಹಗಳಲ್ಲಿ 'ವಂದೇ ಮಾತರಂ' ಹಾಡುವದನ್ನು ಅಧಿಕಾರಿಗಳು ತಡೆದಾಗ, ನೂರಾರು ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿಕೊಂಡು ಹೊರಬಿದ್ದರು. ಅವರನ್ನು ಒಳಗೆ ಕರೆದುಕೊಂಡದ್ದು ನಾಗಪುರದ ವಿದ್ಯಾಪೀಠ. ಮುಂದೆ ಭಾರತದ ಪ್ರಧಾನಿಯಾದ ಪಿ. ವ್ಹಿ. ನರಸಿಂಹರಾಯರೂ ಹೀಗೆ ಅಲ್ಲಿಗೆ ಹೋದವರಲ್ಲಿ ಒಬ್ಬರು. ಆ ಚಳುವಳಿ ಹುಟ್ಟಿದ್ದು ತರಗತಿಯಲ್ಲಲ್ಲ, ವಸತಿಗೃಹದಲ್ಲಿ, ಹುಡುಗರು ಕೂಡಿ ಉಂಡು ಕೂಡಿ ಹಾಡಿದ ಎಡೆಯಲ್ಲಿ. ಇದನ್ನು ನಾನು ಮುಂದೆ ಮತ್ತೆ ನೆನಪಿಸುವೆನು.

1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1949ರಲ್ಲಿ ಮತ್ತೆ ಕಲಬುರ್ಗಿಯಲ್ಲಿ, ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ, ಸಾಹಿತ್ಯ ಸಮ್ಮೇಲನವಾಯಿತು. 1956ರಲ್ಲಿ ಕನ್ನಡ ಸೀಮೆಗಳು ಒಂದಾದವು. ಕರ್ನಾಟಕ ವಿದ್ಯಾಪೀಠವು 1970ರಲ್ಲಿ ಇಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. 1980ರಲ್ಲಿ ಅದೇ ಗುಲಬರ್ಗಾ ವಿದ್ಯಾಪೀಠವಾಯಿತು. ಊರ ಮೂಡಲಿಗೆ 860 ಎಕರೆಯ ನೆಲ, ಅದಕ್ಕೆ ಜ್ಞಾನಗಂಗೆಯೆಂಬ ಹೆಸರು. ನಾಗಾವಿಯ ಮಧುಸೂದನನು ಎದ್ದು ಬಂದು ನೋಡಿದರೆ ಆ ನೆಲದ ಹರವಿಗೆ ಬೆರಗಾದಾನು. ಆಮೇಲೆ, 'ಇಲ್ಲಿ ಯಾರು ಯಾರು ಇದ್ದಾರೆ, ಅವರಿಗೆ ಏನೇನು ಕೊಟ್ಟಿದ್ದೀರಿ?' ಎಂದು ಕೇಳಿಯಾನು. ಅಲ್ಲಿಯೇ ನಮ್ಮ ಸಂಕಟ.

ಈಚಿನ ವರ್ಷಗಳಲ್ಲಿ ಈ ವಿದ್ಯಾಪೀಠದಲ್ಲಿ ಮಂಜೂರಾದ ಅಧ್ಯಾಪಕರ ಹುದ್ದೆಗಳಲ್ಲಿ ಬಹುಭಾಗವು ಖಾಲಿ ಬಿದ್ದಿದೆ. ಇದು ಗುಟ್ಟಿನ ಮಾತಲ್ಲ. ವೃತ್ತಪತ್ರಗಳಲ್ಲಿ ಬಂದದ್ದು, ಅಧಿಕಾರಿಗಳೂ ಒಪ್ಪಿಕೊಂಡದ್ದು. ನಿವೃತ್ತರಾದವರ ಸ್ಥಾನದಲ್ಲಿ ಹೊಸಬರು ಬರಲಿಲ್ಲ. ಪಾಠವನ್ನು ನಡೆಯಿಸುತ್ತಿರುವವರು ಅತಿಥಿ ಉಪನ್ಯಾಸಕರು. ಅತಿಥಿಯೆಂಬ ಶಬ್ದವನ್ನು ಈ ಅರ್ಥದಲ್ಲಿ ಬಳಸಿದವನ ಜಾಣ್ಮೆಗೆ ನಾನು ನಮಸ್ಕರಿಸುವೆನು! ನಮ್ಮ ಮನೆಗೆ ಬಂದ ಅತಿಥಿಗೆ ಮೊದಲು ನೀರು ಕೊಡುವೆವು, ಬಳಿಕ ಉಣಬಡಿಸುವೆವು. ಇಲ್ಲಿಯ ಅತಿಥಿಯೋ ಮೊದಲು ದುಡಿಯಬೇಕು. ತಿಂಗಳುಗಳು ಕಳೆದ ಮೇಲೆ ಗೌರವಧನಕ್ಕಾಗಿ ಕಾಯಬೇಕು. ವರ್ಷದ ಕೊನೆಗೆ ತಾನಾಗಿಯೇ ಎದ್ದು ಹೋಗಿ, ಮುಂದಿನ ವರ್ಷ ಮತ್ತೆ ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಹತ್ತು ವರ್ಷ ಪಾಠ ಹೇಳಿದವನೂ ಹನ್ನೊಂದನೆಯ ವರ್ಷಕ್ಕೆ ಹೊಸಬನೇ.

ಸರಕಾರಿ ಪ್ರಥಮದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು 2021ರ ಕೊನೆಗೆ ತರಗತಿಗಳನ್ನು ಬಹಿಷ್ಕರಿಸಿ ಕುಳಿತದ್ದು ತಮಗೆ ನೆನಪಿದ್ದೀತು. ಅಲ್ಲಿಯವರೆಗೆ ಅವರಿಗೆ ತಿಂಗಳಿಗೆ 11 ರಿಂದ 13 ಸಾವಿರ ರೂಪಾಯಿ. ಗವಂಡಿ ಕೆಲಸದವನ ಕೂಲಿ ಅದಕ್ಕಿಂತ ಹೆಚ್ಚು. 2022ರ ಜನವರಿಯಲ್ಲಿ ಸರಕಾರವು ಅದನ್ನು, ಅರ್ಹತೆ ಹಾಗೂ ಸೇವಾವಧಿಯನ್ನು ನೋಡಿ, 32 ಸಾವಿರದವರೆಗೆ ಏರಿಸಿತು. ಸಂತೋಷವೇ. ಆದರೆ ವಾರದ ಪಾಠದ ತಾಸುಗಳನ್ನೂ 15ಕ್ಕೆ ಏರಿಸಿದ್ದರಿಂದ, ಇಬ್ಬರ ಕೆಲಸ ಒಬ್ಬನ ಪಾಲಿಗೆ ಬಂದು ಎಷ್ಟೋ ಜನರು ಇದ್ದ ಕೆಲಸವನ್ನೂ ಕಳೆದುಕೊಂಡರು. ವಿದ್ಯಾಪೀಠಗಳ ಅನುದಾನ ಆಯೋಗವು 2019ರಲ್ಲಿಯೇ ಅತಿಥಿಗಳಿಗೆ ಪಾಠವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ 50 ಸಾವಿರದ ಮಿತಿಯವರೆಗೆ ಕೊಡಬಹುದೆಂದು ಗೊತ್ತುಮಾಡಿತ್ತು. ಗೊತ್ತುಮಾಡಿದವರು ಒಬ್ಬರು, ಕೊಡಬೇಕಾದವರು ಇನ್ನೊಬ್ಬರು.

ಅತಿಥಿಗಳೇ ಪಾಠ ಹೇಳುತ್ತಿರುವಾಗ ಹುದ್ದೆ ಖಾಲಿ ಇದ್ದರೇನಾಯಿತೆಂದು ಕೇಳುವವರುಂಟು. ಅದಕ್ಕೆ ಉತ್ತರವನ್ನು ನಾವು ಸ್ಪಷ್ಟವಾಗಿ ತಿಳಿದಿರಬೇಕು. ಪಿಎಚ್.ಡಿ. ಸಂಶೋಧನೆಗೆ ಮಾರ್ಗದರ್ಶಕನಾಗಲು ಕಾಯಂ ಅಧ್ಯಾಪಕನೇ ಬೇಕು. ಅತಿಥಿಗೆ ಆ ಅಧಿಕಾರವಿಲ್ಲ. ಆಯೋಗದ ನಿಯಮದಂತೆ ಒಬ್ಬ ಪ್ರಾಧ್ಯಾಪಕನು 8, ಸಹ ಪ್ರಾಧ್ಯಾಪಕನು 6, ಸಹಾಯಕ ಪ್ರಾಧ್ಯಾಪಕನು 4 ಜನ ಸಂಶೋಧಕರನ್ನು ಒಂದೇ ಕಾಲಕ್ಕೆ ತೆಗೆದುಕೊಳ್ಳಬಹುದು. ಆದುದರಿಂದ ಪ್ರಾಧ್ಯಾಪಕನ ಒಂದು ಕುರ್ಚಿ ಬರಿದಾದರೆ ಎಂಟು ಮಕ್ಕಳ ದಾರಿ ಮುಚ್ಚಿತು. ನಾಲ್ಕು ಕುರ್ಚಿಗಳ ವಿಭಾಗದಲ್ಲಿ ಮೂರು ಬರಿದಾದರೆ, ಉಳಿದ ಒಬ್ಬನೇ ವಿಭಾಗದ ಮುಖ್ಯಸ್ಥನಾಗಿ, ಪರೀಕ್ಷಾಮಂಡಳಿಯ ಸದಸ್ಯನಾಗಿ, ಪಠ್ಯಕ್ರಮ ಸಮಿತಿಯಲ್ಲಿ ಕುಳಿತು, ಕಾಗದಗಳಿಗೆ ಸಹಿಮಾಡುತ್ತ ಮುದುಕನಾಗುವನು. ಸುರಪುರದ ಸಂಸ್ಥಾನದ ಮೇಲೋ, ಭೀಮಾತೀರದ ಕೃಷಿಯ ಮೇಲೋ, ತೊಗರಿಯ ರೋಗದ ಮೇಲೋ ಸಂಶೋಧನೆ ಮಾಡಬೇಕೆಂಬ ಬಡ ಹುಡುಗಿಗೆ, 'ಮಾರ್ಗದರ್ಶಕರಿಲ್ಲ' ಎಂಬ ಎರಡು ಶಬ್ದಗಳಲ್ಲಿ ಉತ್ತರ ದೊರೆಯುವದು. ನಮ್ಮ ಸೀಮೆಯ ವಿಷಯವನ್ನು ನಾವು ಬರೆಯದಿದ್ದರೆ ಮೈಸೂರಿನವರು ಬಂದು ಬರೆಯಬೇಕೆ?

ಈ ಸಂದರ್ಭದಲ್ಲಿ 371(ಜೆ) ಕಲಮಿನ ಮಾತನ್ನು ಬಿಡಲಾಗದು. ವರ್ಷಾನುಗಟ್ಟಲೆ ಹೋರಾಡಿ ನಾವು ಅದನ್ನು ಪಡೆದೆವು. 2012ರಲ್ಲಿ ಪಾರ್ಲಿಮೆಂಟು 98ನೆಯ ತಿದ್ದುಪಡಿಯನ್ನು ಒಪ್ಪಿತು. 2013ರಲ್ಲಿ ಸರಕಾರದ ಆಜ್ಞೆಯಾಯಿತು. ಅದರಂತೆ ನಮ್ಮ ಸೀಮೆಯ ಹುದ್ದೆಗಳಲ್ಲಿ ಅ ಮತ್ತು ಬ ವರ್ಗದಲ್ಲಿ ನೂರಕ್ಕೆ 75, ಕ ವರ್ಗದಲ್ಲಿ 80, ಡ ವರ್ಗದಲ್ಲಿ 85 ಸ್ಥಳೀಯರಿಗೆ. ಇಲ್ಲಿ ಕುಳಿತ ಗಣಿತದ ಮಾಸ್ತರರು ಒಂದು ಲೆಕ್ಕ ಮಾಡಲಿ. ತುಂಬಿಕೊಳ್ಳುವ ಹುದ್ದೆಗಳು ಸೊನ್ನೆಯಾದರೆ ಸೊನ್ನೆಯ ನೂರಕ್ಕೆ 75 ಎಷ್ಟು? ನಿಜಾಮರ ಕಾಲದಲ್ಲಿ ಮುಲ್ಕಿ, ಗೈರ್‌ಮುಲ್ಕಿ ಎಂಬ ಜಗಳವಿತ್ತು. ಹೊರಗಿನವರು ಬಂದು ಕುರ್ಚಿ ಹಿಡಿದರೆಂಬ ದುಃಖವಿತ್ತು. ಈಗ ಕುರ್ಚಿಯನ್ನು ಹಿಡಿದ ಹೊರಗಿನವನೂ ಇಲ್ಲ, ಒಳಗಿನವನೂ ಇಲ್ಲ. ಕಾನೂನನ್ನು ಗೆದ್ದು ಕುರ್ಚಿಯನ್ನು ಸೋತೆವು.

ಇನ್ನೊಂದು ಕಾರಣವನ್ನೂ ಹೇಳಬೇಕು. ಮೊದಲು ಈ ವಿದ್ಯಾಪೀಠಕ್ಕೆ ಬೀದರದಿಂದ ಬಳ್ಳಾರಿಯವರೆಗಿನ ಕಾಲೇಜುಗಳೆಲ್ಲ ಸೇರಿದ್ದವು. 2010ರಲ್ಲಿ ಬಳ್ಳಾರಿಯ ವಿದ್ಯಾಪೀಠವು ಬೇರೆಯಾಯಿತು. ಆಮೇಲೆ ರಾಯಚೂರಿನದು, 2023ರಲ್ಲಿ ಬೀದರದ್ದು. ಊರೂರಿಗೆ ವಿದ್ಯಾಪೀಠವಾಗುವದನ್ನು ನಾನು ವಿರೋಧಿಸುವದಿಲ್ಲ. ಆದರೆ ಕಾಲೇಜುಗಳೊಡನೆ ಅವುಗಳಿಂದ ಬರುವ ಶುಲ್ಕವೂ ಹೋಯಿತು. ನಿವೃತ್ತಿ ವೇತನದ ಹೊರೆ, ದೊಡ್ಡ ಆವರಣದ ಹೊರೆ ತಾಯಿಮನೆಯಲ್ಲಿಯೇ ಉಳಿಯಿತು. ಮನೆ ಪಾಲಾದಾಗ ಸಾಲವನ್ನು ಯಾರು ತೀರಿಸಬೇಕೆಂದು ಹಳ್ಳಿಯ ಪಂಚರೂ ಕೇಳುವರು. ಇಲ್ಲಿ ಕೇಳಿದ ಪಂಚರು ಯಾರೂ ಕಾಣಲಿಲ್ಲ.

ಈಗ ವಸತಿಗೃಹದ ಮಾತಿಗೆ ಬರುವೆನು. 2020ರ ಫೆಬ್ರುವರಿಯಲ್ಲಿ ಆ ಆವರಣದಲ್ಲಿಯೇ 85ನೆಯ ಸಾಹಿತ್ಯ ಸಮ್ಮೇಲನ ಮೂರು ದಿನ ನೆರೆಯಿತು. ಎಷ್ಟು ಜನ, ಎಷ್ಟು ದೀಪ, ಎಷ್ಟು ಪುಸ್ತಕ! ಊರೇ ಅಲ್ಲಿಗೆ ನಡೆದಿತ್ತು. ಮಿಕ್ಕ ದಿನಗಳಲ್ಲಿ ಸಂಜೆ ಆರರ ಮೇಲೆ ಅಲ್ಲಿ ನಡೆದಾಡಿ ನೋಡಿರಿ. ಪಾಠ ಹೇಳಿದವನು ಬಸ್ಸು ಹಿಡಿದು ಹೋಗಿರುವನು. ಏಕೆಂದರೆ ಅವನು ಅತಿಥಿ, ಅವನಿಗೆ ಅಲ್ಲಿ ಮನೆ ಕೊಡಲು ಬಾರದು. ಅವನು ಇನ್ನೊಂದೆಡೆ ಸಂಜೆಯ ಪಾಠವನ್ನೂ ಹೇಳದಿದ್ದರೆ ಅವನ ಮನೆ ನಡೆಯದು. ಕಸ ಗುಡಿಸುವವಳೂ ಅಡಿಗೆಯವನೂ ಕಾವಲುಗಾರನೂ ಗುತ್ತಿಗೆದಾರನ ಆಳುಗಳು; ಗುತ್ತಿಗೆ ಬದಲಾದರೆ ಮುಖಗಳೂ ಬದಲಾಗುವವು. ಅಫಜಲಪುರದಿಂದಲೋ ಜೇವರ್ಗಿಯಿಂದಲೋ ಬಂದ ಹುಡುಗನು ಕೋಣೆಯಲ್ಲಿ ಜ್ವರ ಹಿಡಿದು ಮಲಗಿದರೆ, ಅವನ ಹೆಸರನ್ನು ಬಲ್ಲ ಹಿರಿಯನೊಬ್ಬನು ಆ 860 ಎಕರೆಯಲ್ಲಿ ಆ ಹೊತ್ತಿಗೆ ಇರುವನೋ ಇಲ್ಲವೋ ಹೇಳಲಾಗದು. ಮಹಮೂದ ಗವಾನನ ಅಂಗಳದಲ್ಲಿ ಇದ್ದನು.

ಹುಡುಗರು ವಸತಿಗೃಹಗಳಲ್ಲಿ ಗದ್ದಲ ಮಾಡುವರು, ಜಾತಿಗೊಂದು ಗುಂಪು ಕಟ್ಟಿಕೊಳ್ಳುವರು ಎಂದು ಪಟ್ಟಣದ ದೊಡ್ಡವರು ದೂರುವದನ್ನು ಕೇಳಿದ್ದೇನೆ. ದೂರಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಹಿರಿಯರಿಲ್ಲದ ಮನೆಯಲ್ಲಿ ಮಕ್ಕಳು ತಮ್ಮ ತಮ್ಮವರನ್ನು ಹುಡುಕಿಕೊಳ್ಳದೆ ಮತ್ತೇನು ಮಾಡಿಯಾರು? ಬೇರೆ ಬೇರೆ ಕೇರಿಯ ಮಕ್ಕಳನ್ನು ಒಂದು ಪಂಕ್ತಿಗೆ ಕರೆದು ಕೂಡ್ರಿಸಲು ಅಲ್ಲಿಯೇ ಬಾಳುವ ಅಧ್ಯಾಪಕನು ಬೇಕು. 1938ರ ಹುಡುಗರನ್ನು ಒಂದುಗೂಡಿಸಿದ ಕೂಟವು ಅಂಥ ನಿತ್ಯದ ಸಹವಾಸದಿಂದ ಹುಟ್ಟಿತ್ತು.

ನಾನು ಕೇವಲ ಸರಕಾರವನ್ನು ಬಯ್ದು ಕುಳಿತುಕೊಳ್ಳುವವನಲ್ಲ. ವಿದ್ಯಾಪೀಠದ ಒಳಗಿನವರೂ ಕೆಲವು ಮಾತಿಗೆ ಉತ್ತರ ಕೊಡಬೇಕಾಗಿದೆ. ನೇಮಣೂಕಿಯ ಪ್ರಕಟಣೆ ಹೊರಟಾಗಲೆಲ್ಲ ಯಾವದೋ ಒಂದು ಮೀಸಲಾತಿ ಪಟ್ಟಿಯ ದೋಷದಿಂದಲೋ, ಒಬ್ಬರ ಮೇಲೊಬ್ಬರು ಹೂಡಿದ ದಾವೆಯಿಂದಲೋ ಕೆಲಸ ನಿಲ್ಲುವದು ನಮ್ಮ ರಾಜ್ಯದ ಅನೇಕ ವಿದ್ಯಾಪೀಠಗಳ ಕಥೆ. ಕಾಯಂ ಆದವರು ಅತಿಥಿಗಳನ್ನು ಸಂಘದಲ್ಲಿ ಸೇರಿಸಿಕೊಳ್ಳುವದಿಲ್ಲ. ಚಹದ ಮೇಜಿನಲ್ಲಿಯೂ ಎರಡು ಪಂಕ್ತಿ. ಒಂದೇ ಪಾಠವನ್ನು ಹೇಳುವ ಇಬ್ಬರಲ್ಲಿ ಹೀಗೆ ಮಡಿಮೈಲಿಗೆಯನ್ನು ಎಣಿಸುವವರು ತರಗತಿಯಲ್ಲಿ ಬಸವಣ್ಣನವರನ್ನು ಹೇಗೆ ಬೋಧಿಸುವರೋ ನಾನರಿಯೆ.

ಇನ್ನು ನಾವು ಮಾಡಬಹುದಾದದ್ದು. ಮಾಹಿತಿ ಹಕ್ಕಿನ ಕಾಯಿದೆಯು 2005ರಿಂದ ಇದೆ. ಹತ್ತು ರೂಪಾಯಿ ಶುಲ್ಕ. 30 ದಿನಗಳಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದಗಳ ಒಳಗೆ. ಹೀಗಾಗಿ ಮೂರು ಅರ್ಜಿಗಳನ್ನು ಸಿದ್ಧಮಾಡಿ ತಂದಿದ್ದೇನೆ. ಮೊದಲನೆಯದರಲ್ಲಿ, ವಿಭಾಗವಾರು ಮಂಜೂರಾದ ಅಧ್ಯಾಪಕ ಹುದ್ದೆಗಳೆಷ್ಟು, ತುಂಬಿದವೆಷ್ಟು, ಪ್ರತಿಯೊಂದು ಯಾವ ವರ್ಷದಿಂದ ಖಾಲಿ ಇದೆ ಎಂಬ ಪ್ರಶ್ನೆ. ಎರಡನೆಯದರಲ್ಲಿ, ಗ್ರಂಥಾಲಯದ ನೌಕರರ ಸಂಖ್ಯೆ ಹಾಗೂ ಅದು ತೆರೆದಿರುವ ವೇಳೆ. ಮೂರನೆಯದರಲ್ಲಿ, ಆವರಣದಲ್ಲಿರುವ ನೌಕರರ ಮನೆಗಳೆಷ್ಟು, ಅವುಗಳಲ್ಲಿ ಬೀಗ ಹಾಕಿದವೆಷ್ಟು. ಬೀಗ ಹಾಕಿದ ಮನೆಗಳಿದ್ದರೆ ಅವುಗಳನ್ನು ಅತಿಥಿ ಉಪನ್ಯಾಸಕರಿಗೆ ಬಾಡಿಗೆಗೆ ಕೊಡಲು ನಿಯಮವನ್ನು ತಿದ್ದಬೇಕೆಂದು ಕುಲಪತಿಗಳಿಗೆ ಬೇರೊಂದು ಮನವಿ ಇದೆ. ಅದಕ್ಕೆ ಸರಕಾರದ ಬೊಕ್ಕಸದಿಂದ ಒಂದು ಕಾಸೂ ಬೇಡ.

ಅರ್ಜಿಗಳನ್ನು ವ್ಯಕ್ತಿಗಳ ಹೆಸರಿನಲ್ಲಿಯೇ ಕೊಡಬೇಕಾಗುವದು, ಸಂಘದ ಹೆಸರು ನಡೆಯದು. ಮೂವರು ಪದವೀಧರರು ಮುಂದೆ ಬಂದರೆ ಸಾಕು. ಸರಕಾರಿ ಶಾಲೆಯ ಮಾಸ್ತರರಿಗೆ ಸಂಕೋಚವಾದರೆ ವ್ಯಾಪಾರಸ್ಥರು ಬರಲಿ. ಉತ್ತರಗಳು ಬಂದ ಮೇಲೆ ಇದೇ ಸ್ಥಳದಲ್ಲಿ ಮತ್ತೆ ಕೂಡಿ ಅವುಗಳನ್ನು ಗಟ್ಟಿಯಾಗಿ ಓದೋಣ. ನಮ್ಮ ಶಾಸಕರನ್ನೂ ಕೇಳಲು ಕರೆಯೋಣ. ಕಾಗದಗಳು ಮೇಜಿನ ಮೇಲಿವೆ, ಲೇಖಣಿ ಕಾರ್ಯದರ್ಶಿಗಳ ಹತ್ತಿರವಿದೆ.